ಹವಾಯಿಯ ಜೂಲಿ ಟೀಚರ್

ಸುನ್‌ಚೋನ್, ಕೊರಿಯಾ
9 ಮಾರ್ಚ್ 2009

ಪ್ರೀತಿಯ ಕೇಟಾ ಅಕ್ಕನಿಗೆ,

ಕೆಲಸ ಸಿಕ್ಕಿತು. ಸ್ಟ್ರಾಬೆರಿ ಡಬ್ಬಿಗೆ ತುಂಬುವ ಕೆಲಸವಲ್ಲ, ಪಾಠ ಹೇಳುವ ಕೆಲಸ. ಈ ದೇಶಕ್ಕೆ ಸೊಸೆಯಾಗಿ ಬಂದು ಎಂಟು ವರ್ಷವಾದ ಮೇಲೆ ಮತ್ತೆ ಬೋರ್ಡಿನ ಮುಂದೆ ನಿಂತಿದ್ದೇನೆ.

ನಮ್ಮ ಹಳ್ಳಿಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ಹೋದರೆ ಪೇಟೆ. ಅಲ್ಲಿ ಪುಟ್ಟ ಮಕ್ಕಳಿಗೆಂದೇ ಒಂದು ಇಂಗ್ಲಿಷ್ ಶಿಶುವಿಹಾರವಿದೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಅಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೇಳಿಸಕೂಡದು. ಮುಖ್ಯಸ್ಥೆ ಮಿನ್ ಮೇಡಂ ಒಂದು ಗಂಟೆ ಮಾತನಾಡಿಸಿದರು. ಓಟೊನ್ ಶಾಲೆಯಲ್ಲಿ ನಿನ್ನ ಪಕ್ಕದ ಕೋಣೆಯಲ್ಲಿ ನಾಲ್ಕು ವರ್ಷ ಮೂರನೇ ತರಗತಿಗೆ ಪಾಠ ಮಾಡಿದ್ದನ್ನು ಹೇಳಿದೆ. ಒಂದು ಕಥೆ ಓದಿಸಿದರು. ಓದಿ ಮುಗಿಸುವಷ್ಟರಲ್ಲಿ ಅವರೇ ಮಗುವಿನ ಹಾಗೆ ಕೆನ್ನೆಗೆ ಕೈಕೊಟ್ಟು ಕೂತಿದ್ದರು.

ಮಗಳು ನಾರೆಯನ್ನೂ ಶುಲ್ಕವಿಲ್ಲದೆ ಅಲ್ಲಿಗೇ ಸೇರಿಸಿಕೊಂಡಿದ್ದಾರೆ. ನಮ್ಮ ಹಳ್ಳಿಯ ಯಾವ ಮಗುವೂ ಆ ಬಾಗಿಲು ದಾಟಿದ್ದಿಲ್ಲ. ಗಿಲ್‌ಸೂ ನಿನಗೆ ಗೊತ್ತಲ್ಲ, ನನ್ನ ಗಂಡ ಖುಷಿಯಾದರೂ ಮಾತಾಡುವವನಲ್ಲ. ಅವತ್ತು ಮಗಳಿಗೆ ಹೊಸ ಬೂಟು ತಂದು ಬಾಗಿಲ ಹತ್ತಿರ ಇಟ್ಟು ಸುಮ್ಮನೆ ಹೋದ.

ಅಲ್ಲಿ ನನ್ನ ಹೆಸರು ಜೂಲಿ. ಮಕ್ಕಳ ಬಾಯಿಗೆ ಸುಲಭ ಅಂತ ಮೇಡಂ ಇಟ್ಟ ಹೆಸರು. ಮಕ್ಕಳಿಗೂ ಇಂಗ್ಲಿಷ್ ಹೆಸರುಗಳೇ. ನಮ್ಮ ನಾರೆ ಅಲ್ಲಿ ನ್ಯಾನ್ಸಿ. ಫೋಟೋ ಇಟ್ಟಿದ್ದೇನೆ. ಹಳದಿ ಕೋಟು ಹಾಕಿಕೊಂಡಿರುವವಳು ನಾನೇ, ಗುರುತು ಸಿಗದಿದ್ದರೆ.

ನಿನ್ನ ತಂಗಿ,
ಜೊವಿತಾ


ಓಟೊನ್, ಇಲೊಯ್ಲೊ, ಫಿಲಿಪೀನ್ಸ್
2 ಏಪ್ರಿಲ್ 2009

ಇಂದಾಯ್ ಜೊವಿ, ನನ್ನ ಮುದ್ದು ತಂಗಿ,

ನಿನ್ನ ಫೋಟೋ ಈಗ ನಮ್ಮ ಶಿಕ್ಷಕರ ಕೋಣೆಯ ಗೋಡೆಯ ಮೇಲಿದೆ. ಮೀನು ಮಾರುವವಳಿಗೂ ತೋರಿಸಿದೆ. ನನ್ನ ತಂಗಿ ಕೊರಿಯಾದವರಿಗೆ ಇಂಗ್ಲಿಷ್ ಕಲಿಸುತ್ತಿದ್ದಾಳೆ ಅಂದೆ. ಅವಳು ಫೋಟೋ ನೋಡಿ, ಹಾಗಾದರೆ ಇವತ್ತು ಚೌಕಾಸಿ ಮಾಡಬೇಡಿ ಅಂದಳು.

ಅಲ್ಲಿನ ಮಕ್ಕಳಿಗೂ ನಮ್ಮ ಹಾಗೆ 'ಪ'ಕ್ಕೂ 'ಫ'ಕ್ಕೂ ವ್ಯತ್ಯಾಸ ಹತ್ತುವುದಿಲ್ಲವಂತೆ, ಹೌದೇ? ನಿನಗೆ ನಾನು ಮಾಡಿಸಿದ್ದನ್ನೇ ಮಾಡಿಸು. ಮೇಲಿನ ಹಲ್ಲನ್ನು ಕೆಳತುಟಿಯ ಮೇಲಿಟ್ಟು ಗಾಳಿ ಬಿಡಲಿ, ಬಾಯಿ ಮುಂದೆ ಒಂದು ಚೂರು ಕಾಗದ ಹಿಡಿಯಲಿ. ನೀನು 'ಪಿಶ್' ಬಿಟ್ಟು 'ಫಿಶ್'ಗೆ ಬರಲು ಒಂದು ಮಳೆಗಾಲ ಹಿಡಿದಿತ್ತು.

ಒಂದು ವಿಷಯ ಕೇಳಲೇ? ಫೋಟೋದಲ್ಲಿ ಎಲ್ಲ ಮಕ್ಕಳೂ ನಿನ್ನ ಕಡೆ ನೋಡುತ್ತಿದ್ದಾರೆ. ನಾರೆ ಮಾತ್ರ ಕೊನೆಯ ಸಾಲಿನಲ್ಲಿ ನಿಂತು ಬೇರೆ ಕಡೆ ನೋಡುತ್ತಿದ್ದಾಳೆ. ಮೂವತ್ತು ವರ್ಷ ಮಕ್ಕಳ ಮುಖ ನೋಡಿದವಳು ನಾನು, ಕಣ್ಣು ಅಲ್ಲಿಗೇ ಹೋಯಿತು. ಅಮ್ಮನೇ ಟೀಚರ್ ಆಗಿದ್ದಕ್ಕೆ ನಾಚಿಕೆಯೇ? ಕ್ಲಾಸಿನಲ್ಲಿ ನಿನ್ನನ್ನು ಅಮ್ಮ ಅನ್ನುತ್ತಾಳೋ, ಟೀಚರ್ ಅನ್ನುತ್ತಾಳೋ?

ಇನ್ನು ಮುಂದೆ ನನ್ನ ಪತ್ರ ತಡವಾಗಬಹುದು. ಶಾಲೆ ಬಿಟ್ಟ ಮೇಲೆ ನಗರದಲ್ಲಿ ಹೆಚ್ಚುವರಿ ಪಾಠ ಒಪ್ಪಿಕೊಂಡಿದ್ದೇನೆ. ಹೋದ ವರ್ಷದ ಪ್ರವಾಹ ಕೊಂಡುಹೋದ ಅಡುಗೆಮನೆಯನ್ನು ಎತ್ತಿ ನಿಲ್ಲಿಸಬೇಕಲ್ಲ. ನೀನೇನೂ ಕಳಿಸಬೇಡ.

ಕೇಟಾ


ಸುನ್‌ಚೋನ್
11 ಮೇ 2009

ಪ್ರೀತಿಯ ಅಕ್ಕ,

ಕಾಗದದ ಉಪಾಯ ಫಲಿಸಿತು. ಈಗ ಇಡೀ ಕ್ಲಾಸು ಕಾಗದ ಹಾರಿಸುತ್ತದೆ. ನೆಲ ಗುಡಿಸುವ ಕೆಲಸ ನನ್ನದು.

ನಾರೆ ಕ್ಲಾಸಿನಲ್ಲಿ ಟೀಚರ್ ಅನ್ನುತ್ತಾಳೆ. ಶಿಸ್ತು ಅಂದರೆ ಶಿಸ್ತು, ನಿನ್ನ ಕ್ಲಾಸಿನಲ್ಲಿ ನಾನೂ ನಿನ್ನನ್ನು ಟೀಚರ್ ಅನ್ನುತ್ತಿದ್ದೆ. ಫೋಟೋ ತೆಗೆಯುವಾಗ ಕಿಟಕಿಯಲ್ಲಿ ಏನೋ ಹಕ್ಕಿ ಇತ್ತು ಅಂತ ಕಾಣುತ್ತದೆ.

ಮೊನ್ನೆ ಒಬ್ಬ ತಾಯಿ, ನಿಮ್ಮೂರಿನ ಸಮುದ್ರ ಹೇಗಿರುತ್ತೆ ಅಂತ ಕೇಳಿದರು. ನಮ್ಮ ಓಟೊನ್ ಸಮುದ್ರವನ್ನೇ ಹೇಳಿದೆ. ಬೂದು ಮರಳು, ಆಚೆ ದಡದಲ್ಲಿ ದ್ವೀಪ, ಸಂಜೆ ಬಲೆ ಎಳೆಯುವವರ ಕೂಗು. ಆಕೆ ಬಹಳ ಹೊತ್ತು ಕೇಳುತ್ತಿದ್ದರು.

ಅತ್ತೆ ಚೆನ್ನಾಗಿದ್ದಾರೆ. ಸ್ಟ್ರಾಬೆರಿ ಬೆಳೆ ಮುಗಿಯುತ್ತಾ ಬಂತು. ಬೇರೇನೂ ವಿಶೇಷವಿಲ್ಲ.

ಜೊವಿತಾ


ಓಟೊನ್
20 ಜೂನ್ 2009

ಜೊವಿ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. 'ಬೇರೇನೂ ವಿಶೇಷವಿಲ್ಲ' ಅಂತ ನೀನು ಬರೆದದ್ದು ಇದೇ ಮೊದಲು. ನಿನ್ನ ಪತ್ರದಲ್ಲಿ ಕೊನೇ ಪಕ್ಷ ಅತ್ತೆಯ ಜೊತೆ ಒಂದು ಜಗಳವಾದರೂ ಇರುತ್ತಿತ್ತು.

ಸುತ್ತಿ ಬಳಸಿ ಕೇಳುವುದಿಲ್ಲ. ಗಿಲ್‌ಸೂ ನಿನ್ನ ಮೇಲೆ ಕೈ ಎತ್ತುತ್ತಾನೆಯೇ? ನೀನು ಹೊರಗೆ ದುಡಿಯುವುದು ಅವನಿಗೆ ಸಹಿಸಲಾಗುತ್ತಿಲ್ಲವೇ? ಮಗು ಅದನ್ನು ನೋಡಿ ಹಾಗಾಗಿದೆಯೇ? ಭಾನುವಾರದ ಫೋನಿನಲ್ಲಿ ಪಕ್ಕದಲ್ಲೇ ಎಲ್ಲರೂ ಇರುತ್ತಾರೆ, ಹೇಳಲಾರೆ. ಪತ್ರದಲ್ಲಿ ಹೇಳು. ಹಾಗಿದ್ದರೆ ನಾಳೆಯೇ ಹೊರಟು ಬಾ. ಅಡುಗೆಮನೆಗೆ ಇನ್ನೂ ಗೋಡೆಯಿಲ್ಲ, ಆದರೆ ಮಲಗಲು ಜಾಗವಿದೆ.

ಕೇಟಾ


ಸುನ್‌ಚೋನ್
5 ಜುಲೈ 2009

ಅಕ್ಕ,

ಗಿಲ್‌ಸೂ ಇವತ್ತಿನವರೆಗೆ ನನ್ನ ಮೇಲೆ ದನಿಯನ್ನೂ ಎತ್ತಿದವನಲ್ಲ. ಅವನ ಮೇಲೆ ಅನುಮಾನ ಬರುವಂತೆ ಬರೆದ ತಪ್ಪು ನನ್ನದು. ಹೇಳಿಬಿಡುತ್ತೇನೆ.

ಶಿಶುವಿಹಾರದಲ್ಲಿ ನಾನು ಹವಾಯಿಯವಳು. ಕೆಲಸ ಕೊಡುವ ದಿನವೇ ಮಿನ್ ಮೇಡಂ ಹೇಳಿದ ಷರತ್ತು ಅದು. "ನಿಮ್ಮ ಪಾಠದಲ್ಲಿ ಒಂದು ಕೊರತೆಯೂ ಇಲ್ಲ. ಆದ್ರೆ ಫಿಲಿಪೀನ್ಸ್ ಅಂದ್ರೆ ನಾಳೆನೇ ಅರ್ಧ ಮಕ್ಕಳನ್ನ ಬಿಡಿಸ್ಕೊಂಡು ಹೋಗ್ತಾರೆ. ಹವಾಯಿ ಅನ್ನಿ, ಅಲ್ಲಿ ಎಲ್ಲಾ ಬಣ್ಣದವರೂ ಇರ್ತಾರೆ" ಅಂದರು. ಕೊರಿಯನ್ ಮಾತು ನನಗೆ ಬರುವುದೇ ಇಲ್ಲ ಅಂತಲೂ ನಟಿಸಬೇಕು. ಒಪ್ಪಿಕೊಂಡೆ. ಹೆಸರು ತಾನೇ, ಊರು ತಾನೇ, ಹೋದರೆ ಹೋಗಲಿ ಅಂದುಕೊಂಡೆ.

ಎರಡನೆಯ ಷರತ್ತು ಒಂದು ವಾರದ ಮೇಲೆ ಬಂತು. ನಾರೆ ನನ್ನ ಮಗಳೆಂದು ಯಾರಿಗೂ ಗೊತ್ತಾಗಬಾರದು. ಗೊತ್ತಾದರೆ, ಹಳ್ಳಿಯ ರೈತನನ್ನು ಮದುವೆಯಾಗಿ ಬಂದವಳು ಅಂತ ಹವಾಯಿಯ ಕಥೆ ಬಿಚ್ಚಿಕೊಳ್ಳುತ್ತದೆ. ಮಗುವನ್ನು ಅತ್ತೆ ಬೇರೆ ಬಸ್ಸಿನಲ್ಲಿ ಕರೆತರುತ್ತಾರೆ. ಬಾಗಿಲಲ್ಲಿ ನಾನು ಅವರಿಗೆ ಅಪರಿಚಿತಳ ಹಾಗೆ ತಲೆಬಾಗಿ ನಮಸ್ಕರಿಸುತ್ತೇನೆ. ಅವರೂ ಬಾಗುತ್ತಾರೆ. ನಾರೆಗೆ ಇದೊಂದು ಆಟ ಅಂತ ಹೇಳಿಕೊಟ್ಟೆ. ಹೇಳಿಕೊಟ್ಟವಳು ನಾನೇ, ಅಕ್ಕ. ಕಾಗದ ಹಿಡಿದು 'ಫ' ಹೇಳಿಕೊಟ್ಟಷ್ಟೇ ಜೋಪಾನವಾಗಿ, ನನ್ನನ್ನು ಅಮ್ಮ ಅನ್ನದಿರುವುದನ್ನು ಕಲಿಸಿದೆ.

ಹೋದ ಬುಧವಾರ ಅವಳು ಜಾರುಬಂಡೆಯಿಂದ ಬಿದ್ದಳು. ಕೆಳತುಟಿ ಸೀಳಿ ಅಂಗಿಯೆಲ್ಲ ರಕ್ತ. ನಾನು ಓಡಿದೆ. ಅವಳು ನನ್ನ ಕುತ್ತಿಗೆ ಬಿಗಿಯಾಗಿ ಹಿಡಿದುಕೊಂಡು ಅತ್ತಳು. 'ಟೀಚರ್, ಟೀಚರ್' ಅಂತ ಅತ್ತಳು. ಮೂರು ಹೊಲಿಗೆ ಹಾಕಿದರು. ಮೂರಕ್ಕೂ ಟೀಚರ್ ಅಂದಳೇ ಹೊರತು ಒಂದು ಸಲವೂ ಬಾಯಿ ತಪ್ಪಲಿಲ್ಲ. ಆಸ್ಪತ್ರೆಯ ಹೊರಗೆ ಮಿನ್ ಮೇಡಂ, "ಎಷ್ಟು ಜಾಣೆ ನಿಮ್ಮ ಮಗಳು" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು.

ಆರು ವರ್ಷದ ಮಗು. ಏನು ಮಾಡಲಿ ಹೇಳು. ನೀನು ಏನು ಹೇಳಿದರೂ ಕೇಳುತ್ತೇನೆ.

ಜೊವಿತಾ


ಸುನ್‌ಚೋನ್
30 ಆಗಸ್ಟ್ 2009

ಅಕ್ಕ,

ಎಂಟು ವಾರ ಕಾದೆ. ಪತ್ರ ತಲುಪಿದೆಯೆಂದು ನನಗೆ ಗೊತ್ತು, ಯಾಕೆಂದರೆ ಪ್ರತಿ ಭಾನುವಾರ ಫೋನಿನಲ್ಲಿ ನಾರೆಯ ತುಟಿ ವಾಸಿಯಾಯಿತೇ ಅಂತ ಕೇಳುತ್ತೀಯ. ಆಮೇಲೆ ಕೋಳಿ, ಬಿರುಗಾಳಿ, ಪಾದ್ರಿಯ ವರ್ಗಾವಣೆ ಎಲ್ಲವನ್ನೂ ಹೇಳುತ್ತೀಯ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರವಿಲ್ಲ.

ನಿನಗೆ ನನ್ನ ಬಗ್ಗೆ ನಾಚಿಕೆಯಾಗಿದೆ. ಶಿಕ್ಷಕರ ಕೋಣೆಯ ಗೋಡೆಯಿಂದ ಆ ಫೋಟೋ ತೆಗೆದಿರುತ್ತೀಯ. ತೆಗೆ. ಆದರೆ ಒಂದು ಸಾಲು ಬೈದಾದರೂ ಬರೆಯಬಹುದಿತ್ತು.

ಇರಲಿ. ನಿನ್ನ ಉತ್ತರಕ್ಕೆ ಇನ್ನು ಕಾಯುವುದಿಲ್ಲ. ಸೆಪ್ಟೆಂಬರ್ ಹದಿನೆಂಟಕ್ಕೆ ತಂದೆತಾಯಿಯರು ಬಂದು ಕೂತು ಪಾಠ ನೋಡುವ ದಿನ. ಅವತ್ತು ಎಲ್ಲರ ಎದುರಿಗೆ ಹೇಳಿಬಿಡುತ್ತೇನೆ. ಗಿಲ್‌ಸೂಗೆ ನಿನ್ನೆ ತಿಳಿಸಿದೆ. ಸಸಿ ನೆಡುವ ತಟ್ಟೆಗಳನ್ನು ತೊಳೆಯುತ್ತಿದ್ದ. "ಹೇಳಿದ್ರೆ ಕೆಲಸ ಹೋಗುತ್ತೆ" ಅಂದ. "ಹೋಗ್ಲಿ" ಅಂದೆ. "ನಾರೆಗೂ ಅಲ್ಲಿ ಜಾಗ ಇರಲ್ಲ" ಅಂದ. "ಈಗ ಮಾತ್ರ ಇದೆಯಾ?" ಅಂದೆ. ಇನ್ನೂ ಮೂರು ತಟ್ಟೆ ತೊಳೆದ ಮೇಲೆ, "ಎಷ್ಟು ಗಂಟೆಗೆ?" ಅಂತ ಕೇಳಿದ.

ನೀನು ಒಪ್ಪು, ಬಿಡು.

ಜೊವಿತಾ


ಓಟೊನ್
7 ಸೆಪ್ಟೆಂಬರ್ 2009

ಜೊವಿ,

ಫೋಟೋ ಗೋಡೆಯ ಮೇಲೇ ಇದೆ. ನನಗೆ ನಾಚಿಕೆಯಾದದ್ದು ನಿಜ, ನಿನ್ನ ಬಗ್ಗೆ ಅಲ್ಲ.

ನಗರದಲ್ಲಿ ಹೆಚ್ಚುವರಿ ಪಾಠ ಅಂತ ಬರೆದಿದ್ದೆನಲ್ಲ. ಅದು ಫೋನಿನಲ್ಲಿ ಕೊರಿಯಾದ ಮಕ್ಕಳಿಗೆ ಹೇಳುವ ಇಂಗ್ಲಿಷ್ ಪಾಠ. ಒಂದು ಕೋಣೆಯಲ್ಲಿ ಮೂವತ್ತು ಜನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತೇವೆ, ಒಂದು ಮಗುವಿಗೆ ಹತ್ತು ನಿಮಿಷ. ಅಲ್ಲಿ ನನ್ನ ಹೆಸರು ಕ್ಯಾರನ್. ಊರು ಕ್ಯಾಲಿಫೋರ್ನಿಯಾ. ಗೋಡೆಗೆ ಕ್ಯಾಲಿಫೋರ್ನಿಯಾದ ಗಡಿಯಾರ, ಅಲ್ಲಿನ ಹವೆ ಬರೆದ ಚೀಟಿ ಅಂಟಿಸಿದ್ದಾರೆ. ನನಗೆ ಐವತ್ತೊಂದಾದರೂ ಅಲ್ಲಿ ಇಪ್ಪತ್ತಾರು. ಮೊದಲನೇ ದಿನ ಮನೆಗೆ ಬಂದು ಕನ್ನಡಿ ಮುಂದೆ ನಿಂತು ನಕ್ಕಿದ್ದೆ. ಎರಡನೇ ದಿನದಿಂದ ನಗು ಬರಲಿಲ್ಲ.

ನಿನ್ನ ಜುಲೈ ಪತ್ರ ಬಂದಾಗ ಅದನ್ನು ಚೀಲದಲ್ಲಿಟ್ಟುಕೊಂಡೇ ಅಲ್ಲಿಗೆ ಹೋಗಿ, ನಾನು ಕ್ಯಾರನ್ ಅಂತ ಹದಿನೇಳು ಮಕ್ಕಳಿಗೆ ಹೇಳಿ ಬಂದೆ. ಆ ಬಾಯಲ್ಲಿ ನಿನಗೆ ಏನು ಬುದ್ಧಿ ಹೇಳಲಿ? ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಹರಿದೆ.

ಆದರೂ ಈಗ ಹೇಳುತ್ತೇನೆ, ಅಕ್ಕ ಅಂತ. ಆ ದಿನ ಬಾಯಿ ಬಿಡಬೇಡ. ಮಗುವಿಗೆ ಇನ್ನೊಂದು ವರ್ಷ ಪಾಠ ಸಿಗಲಿ. ಆಮೇಲೆ ನೆಪ ಹೇಳಿ ಸದ್ದಿಲ್ಲದೆ ಹೊರಗೆ ಬಾ. ನಮ್ಮಂಥವರು ದೊಡ್ಡ ದನಿಯಲ್ಲಿ ಹೇಳಿದರೆ ಬಾಗಿಲು ಮುಚ್ಚುತ್ತಾರೆ, ಅಷ್ಟೇ. ನಾನು ಹೆದರಿ ಹೇಳುತ್ತಿದ್ದೇನೆ ಅಂತ ನಿನಗೆ ಅನ್ನಿಸಿದರೆ, ಹೌದು, ಹೆದರಿದ್ದೇನೆ.

ಕೇಟಾ


ಸುನ್‌ಚೋನ್
12 ಅಕ್ಟೋಬರ್ 2009

ಅಕ್ಕ,

ನಿನ್ನ ಪತ್ರ ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ ಬಂತು. ನಾಲ್ಕು ದಿನ ತಡ. ಅಂಚೆಯವನಿಗೆ ಪುಣ್ಯ ಬರಲಿ.

ಹದಿನೆಂಟನೆಯ ತಾರೀಕು ಇಪ್ಪತ್ತಕ್ಕೂ ಹೆಚ್ಚು ಜನ ಮಕ್ಕಳ ಕುರ್ಚಿಗಳ ಮೇಲೆ ಮೊಣಕಾಲು ಮಡಿಸಿ ಕೂತಿದ್ದರು. ಅವತ್ತಿನ ಪಾಠ, ನನ್ನ ಕುಟುಂಬ. ಮಕ್ಕಳು ತಾವು ಬರೆದ ಚಿತ್ರ ಹಿಡಿದು ಒಬ್ಬೊಬ್ಬರಾಗಿ ಇದು ನನ್ನ ಅಪ್ಪ, ಇದು ನನ್ನ ಅಮ್ಮ ಅಂತ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಪಾಠ ಮುಗಿದ ಮೇಲೆ ಹೇಳಬೇಕೆಂದು ನಾನು ನಿರ್ಧರಿಸಿಕೊಂಡಿದ್ದೆ. ಅಷ್ಟರಲ್ಲಿ ನಾರೆಯ ಸರದಿ ಬಂತು. ಅವಳು ಅಜ್ಜಿಯನ್ನು ಬರೆದಿದ್ದಳು, ಅಪ್ಪನನ್ನು ಬರೆದಿದ್ದಳು, ಪ್ಲಾಸ್ಟಿಕ್ ಹೊದಿಸಿದ ಸ್ಟ್ರಾಬೆರಿ ತೋಟ ಬರೆದಿದ್ದಳು. ಅಪ್ಪನ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಬಿಟ್ಟಿದ್ದಳು. ಅಪ್ಪ, ಅಜ್ಜಿ ಅಂತ ಹೇಳಿ ಮುಗಿಸಿ ಅವಳು ನನ್ನನ್ನು ನೋಡಲಿಲ್ಲ. ಮಿನ್ ಮೇಡಂ ಮುಖ ನೋಡಿದಳು, ಸರಿಯಾಗಿ ಹೇಳಿದೆನಾ ಅಂತ.

ಅಲ್ಲಿಗೆ ಮುಗಿಯಿತು ನನ್ನ ತಾಳ್ಮೆ. ಅವಳ ಪಕ್ಕ ಹೋಗಿ ನಿಂತು ಕೊರಿಯನ್ ಭಾಷೆಯಲ್ಲೇ ಹೇಳಿದೆ. "ನಾ ಹವಾಯಿನೋಳಲ್ಲ. ಫಿಲಿಪೀನ್ಸ್‌ನೋಳು. ನನ್ ಹೆಸ್ರು ಜೊವಿತಾ. ಸ್ಟ್ರಾಬೆರಿ ಬೆಳೆಯೋ ಗಿಲ್‌ಸೂ ಹೆಂಡ್ತಿ. ಈ ಮಗು ನನ್ ಮಗಳು, ಇವಳ ಹೆಸ್ರು ನಾರೆ."

ಆಮೇಲೆ ಹಿಂದಿನಿಂದ ಒಬ್ಬ ಅಜ್ಜಿ ನಕ್ಕುಬಿಟ್ಟರು. ನನ್ನ ಕೊರಿಯನ್ ಪೂರ್ತಿ ಅತ್ತೆಯಿಂದ ಕಲಿತದ್ದಲ್ಲವೇ, ಅಪ್ಪಟ ಈ ಸೀಮೆಯ ಹಳ್ಳಿಯ ಮಾತು. "ಇವಳು ನಮ್ಮೂರೋಳೇ ಕಣ್ರೋ" ಅಂದರು ಆಕೆ. ನನ್ನ ಸಮುದ್ರದ ಕಥೆ ಕೇಳಿದ್ದ ಆ ತಾಯಿ ಮಾತ್ರ ನಗಲಿಲ್ಲ. "ಹಾಗಾದ್ರೆ ಆರು ತಿಂಗಳಿಂದ ನೀವು ಕಲಿಸಿದ್ದು ನಿಜವಾದ ಇಂಗ್ಲಿಷ್ ಅಲ್ವಾ?" ಅಂತ ಕೇಳಿದರು. ನಾನು ಅವರ ಕಡೆ ತಿರುಗಿದೆ. "ನಿಮ್ಮ ಮಗನ್ನೇ ಕೇಳಿ. ಮಾರ್ಚ್‌ನಲ್ಲಿ ತನ್ನ ಹೆಸರು ಹೇಳೋಕೂ ಬರ್ತಿರಲಿಲ್ಲ, ಈಗ ಕಥೆ ಹೇಳ್ತಾನೆ. ನಾನು ಸುಳ್ಳು ಹೇಳಿದ್ದು ನನ್ನ ಊರಿನ ವಿಷಯದಲ್ಲಿ. ಪಾಠದಲ್ಲಿ ಒಂದು ಅಕ್ಷರ ಸುಳ್ಳು ಹೇಳಿಲ್ಲ. ಆ ಸುಳ್ಳಿಗೆ ಕ್ಷಮೆ ಕೇಳ್ತೀನಿ, ಪಾಠಕ್ಕೆ ಕೇಳಲ್ಲ."

ಬಾಗಿಲ ಹತ್ತಿರ ಗಿಲ್‌ಸೂ ನಿಂತಿದ್ದ. ಸಸಿ ನೆಡುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದ, ಬೂಟಿನ ತುಂಬ ಕೆಸರು. ಎಲ್ಲರೂ ತಿರುಗಿ ನೋಡಿದಾಗ ಸೊಂಟ ಬಾಗಿಸಿ ನಮಸ್ಕರಿಸಿದ. ನಾನು ಈ ಮನೆಗೆ ಬಂದ ದಿನ ತನ್ನ ನೆಂಟರಿಗೆಲ್ಲ ನನ್ನನ್ನು ತೋರಿಸಿ ಬಾಗಿದನಲ್ಲ, ಹಾಗೆ.

ಮಿನ್ ಮೇಡಂ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಕೂಗಾಡಲಿಲ್ಲ. "ನಿಮಗೆ ನಾನೇನು ಅನ್ಯಾಯ ಮಾಡಿದ್ದೆ?" ಅಂದರು. ನಿಜ ಹೇಳುತ್ತೇನೆ, ಆ ಹೊತ್ತಿಗೆ ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. "ನನ್ನ ಮಗಳ ಬಾಯಿಂದ ಒಂದು ಮಾತು ಕಿತ್ಕೊಂಡ್ರಿ ಮೇಡಂ. ಅದನ್ನ ನಿಮಗೆ ಕೊಟ್ಟವಳು ನಾನೇ, ಅದಕ್ಕೇ ವಾಪಸ್ ತಗೊಳ್ತಿದ್ದೀನಿ" ಅಂದೆ. ಹಳದಿ ಕೋಟು ಮಡಿಸಿ ಅವರ ಮುಂದಿಟ್ಟೆ. ನಾರೆಯ ಹೆಸರನ್ನೂ ಅವತ್ತೇ ತೆಗೆದರು.

ಬಸ್ಸಿನಲ್ಲಿ ಅವಳು ಅಮ್ಮ ಅಂತ ಕರೆಯುತ್ತಾಳೆಂದು ಕಾದೆ. ಕರೆಯಲಿಲ್ಲ. ಮನೆಯಲ್ಲೂ ಎರಡು ದಿನ ಟೀಚರ್ ಅಂದಳು, ಅಭ್ಯಾಸವಾಗಿಬಿಟ್ಟಿತ್ತು. ಮೂರನೇ ದಿನ ಊಟದಲ್ಲಿ ಅವಳ ಬಟ್ಟಲಿಗೆ ಖಾರ ಹಚ್ಚಿದ ಮೂಲಂಗಿ ಕಿಮ್ಚಿ ಹಾಕಿದೆ. "ಅಮ್ಮಾ, ಬೇಡ ಅಂದ್ನಲ್ಲ" ಅಂತ ರೇಗಿದಳು. ಗಿಲ್‌ಸೂ, ಅತ್ತೆ, ನಾನು ಮೂವರೂ ಅನ್ನ ಬಿಟ್ಟು ಅವಳ ಮುಖ ನೋಡಿದೆವು. ಅವಳಿಗೆ ಏನೂ ಗೊತ್ತಾಗಲಿಲ್ಲ, ಕಿಮ್ಚಿ ಎತ್ತಿ ಅಪ್ಪನ ಬಟ್ಟಲಿಗೆ ಹಾಕಿದಳು.

ಸುಗ್ಗಿ ಹಬ್ಬಕ್ಕೆ ನೆಂಟರೆಲ್ಲ ಬಂದಿದ್ದರು. ಅಕ್ಕಿ ಹಿಟ್ಟಿನ ಕಡುಬು ಮಾಡುತ್ತಾ ಗಿಲ್‌ಸೂನ ದೊಡ್ಡಮ್ಮ, ಒಳ್ಳೆಯ ಕೆಲಸ ಬಾಯಿಬಡುಕತನದಿಂದ ಹೋಯಿತಂತೆ ಅಂತ ಕೊಂಕು ತೆಗೆದರು. ಅತ್ತೆ ಹಿಟ್ಟಿನ ಕೈ ಎತ್ತಲೂ ಇಲ್ಲ. "ಆರು ತಿಂಗಳು ನನ್ ಸೊಸೆಗೆ ನಾನು ಬೀದೀಲಿ ಅಪರಿಚಿತಳ ಥರ ನಮಸ್ಕಾರ ಹಾಕಿದ್ದೀನಿ. ಅದನ್ನ ನೀವು ಮಾಡಿ ನೋಡಿ, ಆಮೇಲೆ ಮಾತಾಡಿ" ಅಂದರು. ಆ ಆರು ತಿಂಗಳು ಅವರಿಗೂ ನೋಯುತ್ತಿತ್ತೆಂದು ನಾನು ಯೋಚಿಸಿಯೇ ಇರಲಿಲ್ಲ.

ಮಾರನೇ ದಿನ ಊರ ಮುಖ್ಯಸ್ಥನ ಮನೆಗೆ ಹೋಗಿ ಹಳ್ಳಿಯ ಸಭಾಭವನದ ಬೀಗದ ಕೈ ಇಸಿದುಕೊಂಡು ಬಂದವರೂ ಅವರೇ. ಅಲ್ಲಿ ವಾರದಲ್ಲಿ ಮೂರು ದಿನ ಪಾಠ ಶುರು ಮಾಡಿದ್ದೇನೆ. ಬಾಗಿಲ ಮೇಲೆ 'ಜೊವಿತಾ ಟೀಚರ್, ಫಿಲಿಪೀನ್ಸ್' ಅಂತ ಗಿಲ್‌ಸೂ ಬಣ್ಣದಲ್ಲಿ ಬರೆದುಕೊಟ್ಟ. ಊರು ಬೇಡ, ಹೆಸರು ಸಾಕು ಅಂತ ಮುಖ್ಯಸ್ಥ ಹೇಳಿ ನೋಡಿದ. ನಾನು ಕೇಳಲಿಲ್ಲ. ನಾರೆ ಸೇರಿ ಐದು ಮಕ್ಕಳು. ಅದರಲ್ಲಿ ಇಬ್ಬರ ತಾಯಿ ವಿಯೆಟ್ನಾಮಿನವಳು, ಪಾಠದ ಹೊತ್ತಿಗೆ ತಾನೂ ಬಂದು ಕೂರುತ್ತಾಳೆ. ಪಕ್ಕದಲ್ಲಿ ಮುದುಕಿಯರ ಇಸ್ಪೀಟು ನಡೆಯುತ್ತಿರುತ್ತದೆ. ಪೇಟೆಯಿಂದ ಇನ್ನೂ ಯಾರೂ ಬಂದಿಲ್ಲ. ಬರದೆಯೂ ಇರಬಹುದು. ಚಳಿಗಾಲದಲ್ಲಿ ನಾನು ಮತ್ತೆ ಸ್ಟ್ರಾಬೆರಿ ಡಬ್ಬಿ ತುಂಬಬೇಕು. ಆದರೂ ಹೇಳುತ್ತೇನೆ ಅಕ್ಕ, ನಿನ್ನ ಮಾತು ಸಮಯಕ್ಕೆ ಬಂದಿದ್ದರೂ ನಾನು ಕೇಳುತ್ತಿರಲಿಲ್ಲ.

ನೀನು ಹೆದರಿದ್ದೇನೆ ಅಂತ ಬರೆದದ್ದನ್ನು ಓದಿ ನನಗೆ ಅಳು ಬಂತು. ನೀನು ಹೆದರುವುದು ನನಗೆ ಗೊತ್ತೇ ಇರಲಿಲ್ಲ. ನಾನು ಏನು ಮಾಡಬೇಕೆಂದು ನೀನು ಹೇಳಿದೆ. ನೀನು ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಕ್ಯಾರನ್ ಅನ್ನುವವರು ನನಗೆ ಯಾರೂ ಗೊತ್ತಿಲ್ಲ, ಅಷ್ಟೇ.

ಜೊವಿತಾ


ಓಟೊನ್
2 ನವೆಂಬರ್ 2009

ಜೊವಿ,

ಇವತ್ತು ಅಪ್ಪ ಅಮ್ಮನ ಸಮಾಧಿಗೆ ಮೇಣದಬತ್ತಿ ಹಚ್ಚಿ ಬಂದು ಇದನ್ನು ಬರೆಯುತ್ತಿದ್ದೇನೆ. ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಕೊನೆಯ ಸಾಲು ಓದಿ ನಿನ್ನ ಮೇಲೆ ಕೋಪ ಬಂತು, ಮೂರು ದಿನ ಇತ್ತು.

ದೇಜೋನ್ ಅನ್ನುವ ಊರಿನ ಒಂಬತ್ತು ವರ್ಷದ ಹುಡುಗಿಯೊಬ್ಬಳು ನನ್ನ ವಿದ್ಯಾರ್ಥಿನಿ. ಅಲ್ಲಿ ಅವಳ ಹೆಸರು ಲೂಸಿ. ಹೋದ ಗುರುವಾರ ಅವಳು ಪಾಠದ ಪುಸ್ತಕ ತೆಗೆಯಲೇ ಇಲ್ಲ. ಟೀಚರಿಗೆ ಒಂದು ಕಾರ್ಡು ಮಾಡಿದ್ದಾಳಂತೆ, ಅಂಚೆಗೆ ಹಾಕಬೇಕು, ವಿಳಾಸ ಬೇಕು. ಇಂಥದಕ್ಕೆ ಏನು ಹೇಳಬೇಕೆಂದು ಮ್ಯಾನೇಜರ್ ನಮಗೆ ಕಲಿಸಿದ್ದಾನೆ. ನಿಯಮವಿಲ್ಲ ಅಂತ ನಗುತ್ತಾ ಹೇಳಿ ಪಾಠಕ್ಕೆ ತಿರುಗಿಸಬೇಕು. ನಾನು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. ಪೆನ್ಸಿಲ್ ತಗೋ ಮಗು, ಬರ್ಕೋ ಅಂದೆ.

ಎನ್ರಿಕೇಟಾ ಓಲಿವಾರೆಸ್. ಒಂದೊಂದೇ ಅಕ್ಷರ ಹೇಳಿದೆ. ಆಮೇಲೆ ನಮ್ಮ ಬೀದಿ, ಓಟೊನ್, ಇಲೊಯ್ಲೊ, ಫಿಲಿಪೀನ್ಸ್. ಇದು ಕ್ಯಾಲಿಫೋರ್ನಿಯಾದಲ್ಲಿ ಇದೆಯಾ ಅಂತ ಕೇಳಿದಳು. ಇಲ್ಲ, ನಾನು ಕ್ಯಾಲಿಫೋರ್ನಿಯಾ ನೋಡೇ ಇಲ್ಲ, ನನಗೆ ಐವತ್ತೊಂದು ವರ್ಷ, ಮೂವತ್ತು ವರ್ಷದಿಂದ ಟೀಚರ್ ಅಂದೆ. ಫೋನ್ ಇಟ್ಟುಬಿಟ್ಟಳು ಅಂದುಕೊಂಡೆ. ಇಲ್ಲ, ಬರೆದದ್ದನ್ನು ನೋಡಿಕೊಳ್ಳುತ್ತಿದ್ದಳು. ನನ್ನ ಪೂರ್ತಿ ಹೆಸರನ್ನು ಮೊದಲಿನಿಂದ ಓದಿ ಹೇಳಿದಳು. ಒಂದು ಕಡೆ ತಪ್ಪಿದಳು, ತಿದ್ದಿದೆ, ಇನ್ನೊಂದು ಸಲ ಓದಿಸಿದೆ.

ಅಷ್ಟರಲ್ಲಿ ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆ ಬಂದು ನಿಂತು ಭುಜ ತಟ್ಟಿದ. ಕಿವಿಯಲ್ಲಿ ಆ ಹುಡುಗಿ, "ಹಾಗಾದ್ರೆ ನೀವೂ ಪೆನ್ಸಿಲ್ ತಗೊಳ್ಳಿ ಟೀಚರ್. ನನ್ ಹೆಸರೂ ಲೂಸಿ ಅಲ್ಲ" ಅಂದಳು.

ಅವನು ಇನ್ನೊಂದು ಸಲ ತಟ್ಟಿದ. ಕೊನೆಯ ಅಕ್ಷರ ಬರೆದುಕೊಳ್ಳುವವರೆಗೆ ನಾನು ಏಳಲಿಲ್ಲ.

ಎನ್ರಿಕೇಟಾ